ಯಾವ ಗೂಡು ಮೊದಲು

ಶಿಡ್ಲಘಟ್ಟಕ್ಕೆ ಬೆಳಕು ಬೀಳುವ ಮುಂಚೆ
ನಮ್ಮ ಬೀದಿಯ ಹೊಗೆಕೊಳವೆಗಳು ಎದ್ದಿರುತ್ತವೆ.
ಶಾಕಿರಾ ಒಲೆಗೆ ಕಡಲೆಕಾಯಿ ಸಿಪ್ಪೆ ಸುರಿಯುತ್ತಾಳೆ,
ನಾನು ಬೋಗುಣಿಗೆ ನೀರು.
ಇಪ್ಪತ್ತೆರಡು ವರ್ಷದಿಂದ ಇದೇ ಹಬೆ, ಇದೇ ವಾಸನೆ.
ಹೊಸಬರು ಮೂಗು ಮುಚ್ಚುತ್ತಾರೆ.
ನಮ್ಮದೇ ಅತ್ತರು, ಅನ್ನುತ್ತಾಳೆ ಶಾಕಿರಾ.

ಬೆಂದ ಗೂಡನ್ನು ಕಡ್ಡಿಯಲ್ಲಿ ಮೆಲ್ಲಗೆ ತಟ್ಟಬೇಕು.
ಬೈದರೆ ತುದಿ ಬರುವುದಿಲ್ಲ.
ಬೇಡಿಕೊಂಡರೂ ಇಲ್ಲ.
ಮನಸ್ಸು ಚೀಟಿ ದುಡ್ಡಿನ ಹಿಂದೆ ಹೋಯಿತೋ
ಬೆರಳು ಸುಟ್ಟುಕೊಂಡು ವಾಪಸು ಕರೆಯುತ್ತದೆ.
ಇಲ್ಲೇ ಇದ್ದರೆ,
ಇಲ್ಲಿ ಅಂದರೆ ಈ ಬೆರಳಿನ ತುದಿಯಲ್ಲಿ,
ಎಲ್ಲಿಂದಲೋ ಒಂದು ಎಳೆ
ಕೂಸಿನ ಕೂದಲಿಗಿಂತ ಸಣ್ಣದು
ತಾನೇ ಬಂದು ತಗಲುತ್ತದೆ.
ಕಣ್ಣಿಗಿಂತ ಮುಂಚೆ ಚರ್ಮಕ್ಕೆ ಗೊತ್ತಾಗುತ್ತದೆ.
ದಿನಕ್ಕೆ ಸಾವಿರ ಸಲ ಸಿಕ್ಕರೂ
ಸಿಕ್ಕಾಗೆಲ್ಲ ಒಳಗೆ ಯಾರೋ "ಹಾ" ಅನ್ನುತ್ತಾರೆ.
ಯಾರಿಗೂ ಹೇಳಿರಲಿಲ್ಲ ಇದನ್ನು.

ಹೋದ ತಿಂಗಳು ಸಂಘದವರು ಕರೆದರು.
ಬಿಳಿ ಜುಬ್ಬದ ಮೇಷ್ಟ್ರು ಬಂದಿದ್ದಾರೆ,
ಮನಸ್ಸಿನ ಭಾರ ಇಳಿಸಿಕೊಡುತ್ತಾರೆ ಅಂತ.
ಜಮಖಾನದ ಮೇಲೆ ನಲವತ್ತು ಹೆಂಗಸರು.
"ಕಣ್ಣು ಮುಚ್ಚಿ. ಉಸಿರು ಬರುವುದನ್ನು ಗಮನಿಸಿ."
ಮುಚ್ಚಿದೆ. ಉಸಿರು ಬಂತು.
ಹುಳದ ವಾಸನೆಯೂ ಜೊತೆಗೇ ಬಂತು.
ಪಕ್ಕದಲ್ಲಿ ಶಾಕಿರಾಳಿಗೂ ಬಂದಿರಬೇಕು,
ಅವಳ ಭುಜ ಕುಲುಕಿತು, ನನ್ನದು ಕುಲುಕಿತು,
ಆಮೇಲೆ ಇಡೀ ಸಾಲು.
ಮೇಷ್ಟ್ರು ಒಂದು ಗಳಿಗೆ ಸುಮ್ಮನಿದ್ದು ತಾವೂ ನಕ್ಕರು.
ಒಳ್ಳೆಯ ಮನುಷ್ಯ.
ದಿನಕ್ಕೆ ಮೂರು ಒಳ್ಳೆಯ ಸಂಗತಿ ಬರೆದಿಡಿ ಅಂದು
ಎಲ್ಲರಿಗೂ ಒಂದೊಂದು ಪುಸ್ತಕ ಕೊಟ್ಟರು.
ನನ್ನ ಪುಸ್ತಕದಲ್ಲಿ ಈಗ ಹಾಲಿನ ಲೆಕ್ಕ ಇದೆ.
ಶಾಕಿರಾಳದರಲ್ಲಿ ಒಂದೇ ಸಾಲು:
"ಮುನೆಕ್ಕ, ನಲವತ್ತೊಂದು ಬನ್ನು ಬಾಕಿ."

ಅದು ನಮ್ಮ ಪಂದ್ಯದ ಲೆಕ್ಕ.
ಎಂಟು ಗೂಡು ನೀರಲ್ಲಿ ಕುಣಿಯುತ್ತಿರುತ್ತವೆ,
ಬಿಚ್ಚಿ ಬಿಚ್ಚಿ ತೆಳ್ಳಗಾಗಿ ಒಳಗಿನ ಕಪ್ಪು ಕಾಣುತ್ತದೆ.
ಯಾವುದು ಮೊದಲು ಮುಗಿಯುತ್ತದೆ ಹೇಳು?
ಸೋತವರು ಹತ್ತು ಗಂಟೆಯ ಟೀಗೆ ಬನ್ನು ಕೊಡಿಸಬೇಕು.
ಗೂಡಿಗೆ ಹೆಸರೂ ಇಡುತ್ತೇವೆ.
ಎಳೆ ಕೊಡದೆ ಸತಾಯಿಸುವುದು ಅವಳ ನಾದಿನಿ,
ಸುಮ್ಮಸುಮ್ಮನೆ ಗಿರಕಿ ಹೊಡೆಯುವುದು ಮೇಸ್ತ್ರಿ ಪಿಳ್ಳಪ್ಪ.
ಸುದ್ದಿ ಪಿಳ್ಳಪ್ಪನ ಕಿವಿಗೂ ಬಿತ್ತು.
ಬೈಯಲು ಬಂದವನು ಬೋಗುಣಿಗೆ ಬಗ್ಗಿ,
"ಎಲ್ಲಿದೀನಿ ನಾನು?" ಅಂದ.
"ಗೆಲ್ತಾ ಇದೀಯ ಬಿಡಣ್ಣ," ಅಂದಳು ಶಾಕಿರಾ.

ಒಳಗಿನ ಹುಳ ಮರೆತಿದ್ದೀನಿ ಅಂತಲ್ಲ.
ಅದು ಮನೆ ಕಟ್ಟಿಕೊಂಡು ಮಲಗಿತ್ತು,
ನಾವು ಕುದಿಸಿದೆವು.
ಸಂಜೆ ತೊಟ್ಟಿ ಬಗ್ಗಿಸುವಾಗ ಕೈ ಸ್ವಲ್ಪ ನಿಲ್ಲುತ್ತದೆ.
ನಿಲ್ಲಲಿ ಅಂತ ಬಿಡುತ್ತೇನೆ.

ನಗು ಬರದ ದಿನಗಳೂ ಇವೆ.
ಚರ್ಮ ಸುಲಿದು ಬೆರಳಿಗೆ ಏನೂ ಗೊತ್ತಾಗದ ದಿನ
ಶಾಕಿರಾ ಮಾತಾಡದೆ ತನ್ನ ರಾಟೆ ಬಿಟ್ಟು ಬಂದು
ಒಂದೊಂದೇ ತುದಿ ಹುಡುಕಿ
ನನ್ನ ಅಂಗೈಗೆ ಇಟ್ಟು ಹೋದಳು.
ಆ ದಿನದ್ದು ಯಾವ ಪುಸ್ತಕದಲ್ಲೂ ಇಲ್ಲ.

ನಿನ್ನೆ ಸೆರಗಿಗೆ ಅಂಟಿಕೊಂಡು
ಅರ್ಧ ಬಿಚ್ಚಿದ ಗೂಡೊಂದು ಮನೆಗೇ ಬಂತು.
ಮೊಮ್ಮಗ ಮೋಕ್ಷಿತ್ ತುದಿ ಹಿಡಿದು ಎಳೆದ.
ಬಂತು. ಇನ್ನೂ ಬಂತು.
ಮಂಚದ ಕಾಲು ಸುತ್ತಿದ, ಕುಕ್ಕರಿನ ಹಿಡಿ ಸುತ್ತಿದ,
ಟೀವಿ ನೋಡುತ್ತಿದ್ದ ಅವನಪ್ಪನ ಹೆಬ್ಬೆರಳು ಸುತ್ತಿದ.
ಮುದ್ದೆ ಆರುತ್ತಿತ್ತು.
ಕಾಣದ ದಾರ ಕಡಿಯಬಾರದೆಂದು
ಮನೆಮಂದಿಯೆಲ್ಲ ಕೊಕ್ಕರೆ ಹಾಗೆ
ಕಾಲೆತ್ತಿ ಕಾಲೆತ್ತಿ ನಡೆದೆವು.
"ಎಲ್ಲಿ ಮುಗಿಯುತ್ತೆ ಅಜ್ಜಿ ಇದು?"
"ಎಳಿ," ಅಂದೆ.
"ಮೆಲ್ಲಗೆ ಎಳಿ."